ಅಜ್ಜಿಯ ಓಲೆಯ ಕೆಂಪು

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯಲ್ಲಿ ಜುಲೈ ಮಳೆ. ಹಂಚಿನ ಮೇಲಿನ ಸದ್ದು ನಿಮಗೂ ಕೇಳುತ್ತಿರಬೇಕು. ನಾಲ್ಕು ದಿನದಿಂದ ಸೂರ್ಯ ಮುಖ ತೋರಿಸಿಲ್ಲ. ಈ ತಿಂಗಳ ಜನ್ಮರತ್ನ ಮಾತ್ರ ಮಾಣಿಕ್ಯ, ನವರತ್ನಗಳಲ್ಲಿ ಸೂರ್ಯನ ಕಲ್ಲು. ಮನೆಯಲ್ಲಿ ನಾವು ಸುಮ್ನೆ 'ಕೆಂಪು' ಅನ್ನುತ್ತೇವೆ. ಅಂದಹಾಗೆ, ತಿಂಗಳಿಗೊಂದು ಕಲ್ಲು ಅನ್ನುವ ಈಗಿನ ಪಟ್ಟಿ ನಮ್ಮ ಜ್ಯೋತಿಷ್ಯದ್ದಲ್ಲ. 1912ರಲ್ಲಿ ಅಮೆರಿಕದ ಆಭರಣ ವ್ಯಾಪಾರಿಗಳು ಗೊತ್ತುಮಾಡಿದ್ದು. ನಮ್ಮವರು ನೋಡುವುದು ಜಾತಕ.

ನನ್ನ ಮಗಳು ಜುಲೈನಲ್ಲಿ ಹುಟ್ಟಿದವಳು. ಅಜ್ಜಿಯ ಏಳು ಕಲ್ಲಿನ ಕೆಂಪಿನ ಓಲೆಯನ್ನು ಅವಳಿಗೆಂದೇ ಎತ್ತಿಟ್ಟಿದ್ದೆ. ಬರ್ಮಾದ ಕಲ್ಲು ಅಂತ ಹೇಳಿ ಮಾರಿದ್ದರಂತೆ. ತಿರುಪು ಸಡಿಲವಾಗಿತ್ತು, ಶಿವಮೊಗ್ಗದ ಗಾಂಧಿ ಬಜಾರಿಗೆ ಒಯ್ದೆ. ಅಕ್ಕಸಾಲಿ ಕಣ್ಣಿಗೆ ಭೂತಗನ್ನಡಿ ಹಿಡಿದು ತುಂಬ ಹೊತ್ತು ನೋಡಿದರು. "ಅಮ್ಮಾ, ಇದು ಮಾಡಿದ ಕಲ್ಲು" ಅಂದರು. ನನಗೂ ತೋರಿಸಿದರು. ಒಳಗೆ ಬಾಗಿದ ಗೆರೆಗಳು, ಗ್ರಾಮಫೋನ್ ತಟ್ಟೆಯಲ್ಲಿರುತ್ತವಲ್ಲ, ಹಾಗೆ. ಭೂಮಿಯಲ್ಲಿ ಬೆಳೆದದ್ದಾದರೆ ಗೆರೆ ನೇರ ಇರುತ್ತದೆ.

ಬೇಜಾರಾಯಿತು. ಆಮೇಲೆ ಓದುತ್ತಾ ಹೋದೆ. 1902ರಲ್ಲಿ ಫ್ರಾನ್ಸಿನ ವೆರ್ನೂಯಿ ಎಂಬುವರು ಅಲ್ಯುಮಿನಿಯಂ ಆಕ್ಸೈಡ್ ಪುಡಿಗೆ ಕೆಂಪು ಬಣ್ಣ ಕೊಡುವ ಕ್ರೋಮಿಯಂ ಲೋಹದ ಅಂಶ ಚೂರು ಸೇರಿಸಿ, ಉರಿಯಲ್ಲಿ ಕರಗಿಸಿ, ಹನಿಹನಿಯಾಗಿ ಕಲ್ಲು ಬೆಳೆಸುವ ದಾರಿ ತೋರಿಸಿದರು. ಕೆಲವೇ ಗಂಟೆಗಳ ಕೆಲಸ. ಅದು ಗಾಜಲ್ಲ, ಮಾಣಿಕ್ಯವೇ. ಅದೇ ವಸ್ತು, ಅದೇ ಬಣ್ಣ, ಕಲ್ಲಿನ ಗಡಸುತನ ಅಳೆಯುವ ಮೋಸ್ (Mohs) ಅಳತೆಯಲ್ಲಿ ಅದೇ 9. ಅದರ ಮೇಲೆ ವಜ್ರ ಮಾತ್ರ.

ಹಾಗಾದರೆ ಗಣಿಯ ಕೆಂಪು ಯಾಕಷ್ಟು ಅಪರೂಪ? ನೆಲದಲ್ಲಿ ಅಲ್ಯುಮಿನಿಯಂ ಧಾರಾಳವಾಗಿದೆ. ಆದರೆ ಸಿಲಿಕಾ, ಅಂದರೆ ಮರಳಿನಲ್ಲಿರುವ ವಸ್ತು, ಕಡಿಮೆ ಇರುವ ಜಾಗದಲ್ಲಿ ಅದಕ್ಕೆ ಕ್ರೋಮಿಯಂ ಜೊತೆಯಾಗಬೇಕು. ಬರ್ಮಾದ ಮೊಗೋಕ್‌ನಲ್ಲಿ ಅಮೃತಶಿಲೆಯೊಳಗೆ ಹಾಗೆ ಆಯಿತು. ಅಲ್ಲಿ ಕಬ್ಬಿಣವೂ ಕಡಿಮೆ. ಅದಕ್ಕೇ ಆ ಕಲ್ಲು ಬಿಸಿಲಿಗೆ ಹಿಡಿದರೆ ಕೆಂಡದ ಹಾಗೆ ಒಳಗಿಂದಲೇ ಉರಿಯುತ್ತದೆ.

ನನಗೆ ಸಿಟ್ಟಿರುವುದು ಮಾಡಿದ ಕಲ್ಲಿನ ಮೇಲಲ್ಲ, ಅದನ್ನು ಗಣಿಯದ್ದು ಅಂತ ಮಾರುವವರ ಮೇಲೆ. ಈಗಂತೂ ಬಿರುಕಿಗೆ ಸೀಸದ ಗಾಜು ತುಂಬಿದ ಕಲ್ಲುಗಳು ಬಂದಿವೆ. ನಿಂಬೆರಸ ತಾಗಿದರೂ ಆ ಗಾಜು ಕೆಡುತ್ತದೆ. ಅಂಥದ್ದಕ್ಕೆ ಪೂರ್ತಿ ಮಾಣಿಕ್ಯದ ಬೆಲೆ ಕೊಟ್ಟರೆ ಹೊಟ್ಟೆ ಉರಿಯುವುದಿಲ್ವಾ? ಕಲ್ಲು ಎಂಥದ್ದು ಅಂತ ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಬೆಲೆ ಜಾಸ್ತಿ ಇದ್ದರೆ ಲ್ಯಾಬ್ ವರದಿ ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ.

ತಿರುಪು ಸರಿಮಾಡಿಸಿ ತಂದೆ. ಅಂಟುವಾಳದ ನೀರಲ್ಲಿ ತೊಳೆದೆ, ಅಜ್ಜಿ ತೊಳೆಯುತ್ತಿದ್ದ ಹಾಗೇ. ಮಗಳು ಹಾಕಿಕೊಂಡು ಕನ್ನಡಿ ಮುಂದೆ ನಿಂತಿದ್ದಾಳೆ. ಓಲೆಯ ಪೆಟ್ಟಿಗೆಯಲ್ಲಿ ಒಂದು ಚೀಟಿ ಇಟ್ಟಿದ್ದೇನೆ: "ಮಾಡಿದ ಕೆಂಪು. ಅಜ್ಜಿಯದು."