ಹಂಪ್ ಹತ್ತಿಸಿದ್ರೆ ದಡಕ್: ಸ್ವಿಫ್ಟ್ ಲೋವರ್ ಆರ್ಮ್ ಬುಷ್ ಮನೇಲೇ ಹಾಕೋಣ

ಈ ಸದ್ದು ಕೇಳಿಸ್ತಾ? ಇನ್ನೊಂದ್ಸಲ ಹಾಕ್ತೀನಿ. ದಡಕ್! ಹಂಪ್ ಮೇಲೆ ನಿಧಾನಕ್ಕೆ ಹತ್ತಿಸಿದ್ರೆ ಚೆನ್ನಾಗಿ ಕೇಳುತ್ತೆ, ಜೋರಾಗಿ ಹೋದ್ರೆ ಬೇರೆ ಸದ್ದಲ್ಲಿ ಮುಚ್ಚಿಹೋಗುತ್ತೆ. ಇದಕ್ಕೆ ತುಂಬಾ ಜನ ಸೀದಾ ಹೋಗಿ ಶಾಕ್ ಅಬ್ಸಾರ್ಬರ್ ಬದಲಾಯಿಸ್ಕೊಂಡು ಬರ್ತಾರೆ. ಸದ್ದು ಹಾಗೇ ಇರುತ್ತೆ, ದುಡ್ಡು ಮಾತ್ರ ಇರಲ್ಲ.

ಗಾಡಿ ಹಳೇ ಸ್ವಿಫ್ಟ್. ಸದ್ದು ಬರ್ತಾ ಇರೋದು ಲೋವರ್ ಆರ್ಮ್ ಬುಷ್‌ನಿಂದ. ಆರ್ಮ್ ಅಂದ್ರೆ ಚಕ್ರನ ಫ್ರೇಮ್‌ಗೆ ಹಿಡಿದಿರೋ ಕಬ್ಬಿಣದ ತೋಳು, ಬುಷ್ ಅಂದ್ರೆ ಅದು ಫ್ರೇಮ್‌ಗೆ ಸೇರೋ ಕಡೆ ಇರೋ ರಬ್ಬರ್, ಒಳಗೊಂದು ಕೊಳವೆ, ಹೊರಗೊಂದು ಬಳೆ. ಆರ್ಮ್ ಮತ್ತೆ ಫ್ರೇಮ್ ಮಧ್ಯೆ ಸಲಾಕೆ ಹಾಕಿ ಮೀಟ್ತಾ ಇದೀನಿ, ಹಿಂದಿನ ದೊಡ್ಡ ಬುಷ್ ನೋಡ್ತಾ ಇರಿ. ಬಾಯಿ ಬಿಡ್ತು ನೋಡಿ. ಮೇಲ್ಮೈ ಮೇಲೆ ಕೂದಲೆಳೆ ಬಿರುಕು ಇದ್ರೆ ತಲೆ ಕೆಡಿಸ್ಕೋಬೇಡಿ, ರಬ್ಬರ್‌ಗೆ ವಯಸ್ಸಾಯ್ತು ಅಷ್ಟೆ. ರಬ್ಬರ್ ಒಳಗಿನ ಕೊಳವೆ ಬಿಟ್ಟು ಬಂದಿದ್ರೆ ಮಾತ್ರ ಅದರ ಕೆಲಸ ಮುಗೀತು. ಬ್ರೇಕ್ ಹಾಕಿದಾಗ ಒಂದು ಏಟು, ಹೈವೇನಲ್ಲಿ ಸ್ಟೀರಿಂಗ್ ಆ ಕಡೆ ಈ ಕಡೆ ಅಲೆದಾಡೋದು, ಟೈರಿನ ಒಳಅಂಚು ಮಾತ್ರ ಸವೆಯೋದು, ಎಲ್ಲಾ ಇದರ ಕೈವಾಡಾನೇ.

ಚಕ್ರ ಬಿಚ್ಚೋ ಮುಂಚೆ ಒಂದು ಕೆಲಸ ಇದೆ, ದಯವಿಟ್ಟು ಬಿಡಬೇಡಿ. ಗಾಡಿ ನೆಲದ ಮೇಲೆ ನಿಂತಿರುವಾಗಲೇ ಹಬ್ (ಚಕ್ರದ ನಡುಭಾಗ) ಮಧ್ಯದಿಂದ ಚಕ್ರದ ಮೇಲಿನ ಫೆಂಡರ್ ಅಂಚಿಗೆ ಟೇಪ್ ಹಿಡಿದು ಅಳತೆ ಬರ್ಕೊಳ್ಳಿ. ಯಾಕೆ ಅಂತ ಕೊನೇಲಿ ಹೇಳ್ತೀನಿ.

ಎರಡೂ ಮುಂದಿನ ಚಕ್ರ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿದೀನಿ. ಒಂದನ್ನೇ ಎತ್ತಿದ್ರೆ ಎಡ ಬಲ ಎರಡೂ ಕಡೆ ಜೋಡಿಸಿರೋ ಆ್ಯಂಟಿ ರೋಲ್ ಬಾರ್ ತಿರುಚ್ಕೊಂಡು ಆ ಕಡೆಯ ಆರ್ಮ್ ಕೆಳಗಿಳಿಯೋಕೇ ಬಿಡಲ್ಲ. ಬರೀ ಜಾಕಿ ಮೇಲೆ ನಿಲ್ಸಿ ಕೆಳಗೆ ಮಲಗೋರಿಗೆ ನಾನೇನೂ ಹೇಳಲ್ಲ, ಮನೆಯವರು ಹೇಳ್ತಾರೆ.

ಬಾಲ್ ಜಾಯಿಂಟ್, ಅಂದ್ರೆ ಆರ್ಮ್ ತುದೀನ ಹಬ್‌ಗೆ ಸೇರಿಸೋ ಗುಂಡು ಕೀಲು, ಅದನ್ನ ಹಿಡಿದಿರೋ ಬೋಲ್ಟ್ ಸಡಿಲ ಮಾಡಿದ್ರೆ ಸಾಲಲ್ಲ, ಪೂರ್ತಿ ಹೊರಗೆ ಬರಬೇಕು. ಜಾಯಿಂಟಿನ ಕಡ್ಡಿಯಲ್ಲಿ ಒಂದು ತೋಡು ಇದೆ, ಬೋಲ್ಟ್ ಅದರೊಳಗೇ ಕೂತಿರುತ್ತೆ. ಹಬ್ ಕಡೆಯ ಸೀಳಿಗೆ ಉಳಿ ಕೊಟ್ಟು ಸ್ವಲ್ಪ ಅಗಲಿಸಿ, ಆರ್ಮ್ ಕೆಳಕ್ಕೆ ಒತ್ತಿ. ಹಬ್ ಹೊರಕ್ಕೆ ಎಳೀಬೇಡಿ! ಚಕ್ರ ತಿರುಗಿಸೋ ಡ್ರೈವ್ ಶಾಫ್ಟಿನ ಒಳತುದಿ ಗೇರ್‌ಬಾಕ್ಸಿಂದ ಈಚೆ ಬಂದ್ರೆ ಗೇರ್ ಆಯಿಲ್ ಸುರೀತು ಅಂತಾನೇ ಲೆಕ್ಕ.

ಫ್ರೇಮ್ ಕಡೆಯ ಬೋಲ್ಟೂ ಬಿಚ್ಚಿದೆ, ಆರ್ಮ್ ಹೊರಗೆ ಬಂತು. ಹಿಂದಿನ ಬುಷ್‌ನಲ್ಲಿ ಈ ಎರಡು ತೂತು ಕಾಣ್ತಾ ಇದ್ಯಲ್ಲ, ಇದು ಹಾಳಾಗಿ ಆದದ್ದಲ್ಲ, ಬೇಕಂತ್ಲೇ ಬಿಟ್ಟಿರೋದು. ತೂತಿರೋ ದಿಕ್ಕಿಗೆ ಬುಷ್ ಮೆತ್ತಗೆ, ಅದಕ್ಕೆ ಅಡ್ಡ ದಿಕ್ಕಿಗೆ ಗಟ್ಟಿ. ಕಾಲು ಸುತ್ತು ತಿರುಗಿಸಿ ಕೂರಿಸಿದ್ರೆ ಹೊಸ ಬುಷ್‌ನಲ್ಲೂ ಬ್ರೇಕ್ ಹಾಕಿದಾಗ ಆರ್ಮ್ ಓಡಾಡುತ್ತೆ. ಅದಕ್ಕೇ ತೂತಿನ ನೇರಕ್ಕೆ ಆರ್ಮ್ ಮೇಲೆ ಪೇಂಟ್ ಗೆರೆ ಎಳೆದಿದೀನಿ.

ಹಳೇ ಬುಷ್ ತೆಗೆಯೋಕೆ ಬೆಂಕಿ ಹಚ್ಚೋದು ಬೇಡ. ಹೊಗೆ ಕೆಟ್ಟದ್ದು, ಜೊತೆಗೆ ಬಾಲ್ ಜಾಯಿಂಟಿನ ರಬ್ಬರ್ ಟೋಪಿ ಕರಗಿಹೋಗುತ್ತೆ. 6 ಎಂಎಂ ಬಿಟ್ ಹಾಕಿ ರಬ್ಬರ್ ಸುತ್ತ ತೂತು ಹೊಡೀರಿ, ಒಳಗಿನ ಕೊಳವೆ ಉದುರುತ್ತೆ. ಹೊರಗಿನ ಕಬ್ಬಿಣದ ಬಳೆಗೆ ಹ್ಯಾಕ್ಸಾ ಬ್ಲೇಡ್ ಒಳಗಿಂದ ತೂರಿಸಿ ಉದ್ದಕ್ಕೆ ಕೊಯ್ಯಿರಿ. ಬಳೆ ಮುಗಿದು ಆರ್ಮ್ ಶುರು ಆಗೋ ಹತ್ರ ನಿಲ್ಸಿ, ಉಳಿಯಲ್ಲಿ ಒಳಕ್ಕೆ ಮಡಚಿ. ಆರ್ಮ್‌ಗೇ ಗೀರು ಬಿದ್ರೆ ಸೀಳೋಕೆ ಅದೇ ಜಾಗ ಸಾಕು.

ಇಷ್ಟು ಕಷ್ಟ ಯಾಕೆ, ಪೂರ್ತಿ ಆರ್ಮೇ ತಗೋಬಹುದಲ್ಲ ಅಂತೀರಾ? ಅದು ಸೋಮಾರಿಗಳ ದಾರಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹಾಗೇ ಒಂದು ಸುತ್ತು ಹಾಕಿ, ಬುಷ್ ಬೇರೆಯಾಗೇ ಸಿಗುತ್ತೆ.

ಕೂರಿಸೋಕೆ ಬೇಕಾಗಿರೋದು ಇಷ್ಟು: ಎಂ12, ಅಂದ್ರೆ 12 ಎಂಎಂ ದಪ್ಪದ, ಮರೆ (ಥ್ರೆಡ್) ಇರೋ ರಾಡ್, ಗಟ್ಟಿ ಗ್ರೇಡಿಂದು, 8.8. ಮೆತ್ತಗಿನ ರಾಡ್ ತಂದ್ರೆ ಬುಷ್ ಅರ್ಧಕ್ಕೆ ಹೋಗೋಷ್ಟರಲ್ಲಿ ಮರೆ ಸವೆದುಹೋಗುತ್ತೆ. ದಪ್ಪ ವಾಷರ್ ನಾಲ್ಕು. ಬುಷ್‌ಗಿಂತ ಸ್ವಲ್ಪ ದೊಡ್ಡ ಬಾಯಿರೋ ಪೈಪ್ ತುಂಡು ಒಂದು. ಒತ್ತಡ ಹೊರಗಿನ ಬಳೆ ಮೇಲೆ ಮಾತ್ರ ಬೀಳಬೇಕು, ಒಳಗಿನ ಕೊಳವೆ ಒತ್ತಿದ್ರೆ ಹೊಸ ರಬ್ಬರ್ ಹಾಕೋ ದಿನಾನೇ ಹರಿಯುತ್ತೆ. ಹಚ್ಚೋಕೆ ಸೋಪಿನ ನೀರು ಸಾಕು. ಮಾಮೂಲಿ ಗ್ರೀಸ್ ತಾಗಿದ್ರೆ ರಬ್ಬರ್ ಉಬ್ಬುತ್ತೆ. ರಾತ್ರಿಯೆಲ್ಲಾ ಫ್ರೀಜರ್‌ನಲ್ಲಿಡಿ ಅನ್ನೋರೂ ಇದಾರೆ. 40 ಎಂಎಂ ಬಳೆ ಅಷ್ಟು ಚಳಿಗೆ ಕುಗ್ಗೋದು ಸುಮಾರು 0.02 ಎಂಎಂ. ಐಸ್‌ಕ್ರೀಮ್ ಇಟ್ಕೊಳ್ಳಿ, ಅದೇ ಲಾಭ.

ಸರಿ, ರಾಡ್ ಬುಷ್ ಮತ್ತೆ ಪೈಪ್ ಒಳಗೆ ತೂರಿಸಿ, ನಟ್ ಬಿಗಿ ಮಾಡ್ತಾ ಬುಷ್‌ನ ಆರ್ಮಿನ ಗೂಡಿಗೆ ಎಳೀತಾ ಇದೀನಿ. ಚೆನ್ನಾಗೇ ಹೋಗ್ತಾ ಇದೆ... ಅಯ್ಯೋ. ನಿಲ್ಸಿ, ನಿಲ್ಸಿ. ವಾಲಿತು ನೋಡಿ. ಮೇಲಿನ ಅಂಚು ಒಳಗೆ ಹೋಗಿದೆ, ಕೆಳಗಿನದು ಹೊರಗೇ ಉಳಿದಿದೆ. ಇಂಥ ಹೊತ್ತಲ್ಲಿ ಕೈ ತಾನಾಗೇ ಸುತ್ತಿಗೆ ಕಡೆ ಹೋಗುತ್ತೆ. ಹೋಗಬಾರದು. ಹೊಡೆದ್ರೆ ನೇರ ಆಗುತ್ತೆ, ನಿಜ, ಆದ್ರೆ ಬಳೆ ಆರ್ಮಿನ ಗೋಡೆಯನ್ನ ಕೆರ್ಕೊಂಡು ಹೋಗಿರುತ್ತೆ. ಬಿಗಿ ಹೋಯ್ತು ಅಂದ್ರೆ ಸ್ವಲ್ಪ ದಿನಕ್ಕೇ ಬುಷ್ ಗೂಡಲ್ಲಿ ಆಡೋಕೆ ಶುರು, ಮತ್ತೆ ಅದೇ ದಡಕ್. ತಿರುಗಿಸಿ ಹೊರಗೆ ತೆಗೀತಾ ಇದೀನಿ. ಬಳೆಯ ಅಂಚು ಮಡಚಿದೆ, ಈ ಬುಷ್ ಕಸಕ್ಕೆ.

ಯಾಕೆ ವಾಲಿತು? ಪೈಪ್ ತುಂಡು ಮೇಜಿನ ಮೇಲೆ ನಿಲ್ಸಿದೀನಿ, ನೋಡಿ, ಅಲ್ಲಾಡ್ತಾ ಇದೆ. ಕೈಯಲ್ಲಿ ಹ್ಯಾಕ್ಸಾ ಹಿಡಿದು ಕತ್ತರಿಸಿದ ಪೈಪ್ ಬಾಯಿ ಎಲ್ಲಿ ನೇರ ಇರುತ್ತೆ! ಒಂದು ಕಡೆ ಮುಂಚೆ ತಾಗಿ, ಅಲ್ಲಿಂದಲೇ ಒತ್ತಡ. ಪೈಪಿನ ಎರಡೂ ಬಾಯಿ ಲೇತ್ ಅಂಗಡೀಲಿ ನೇರ ಮಾಡಿಸಿದ್ರೆ ಐದು ನಿಮಿಷದ ಕೆಲಸ. ಅಲ್ಲಿಗೆ ಹೋದ್ಮೇಲೆ ಅವರ ಪ್ರೆಸ್‌ನಲ್ಲೇ ಬುಷ್ ಕೂರಿಸ್ಕೊಂಡು ಬರಬಹುದಿತ್ತಲ್ಲ ಅಂತ ನೀವು ಕೇಳೋದು ನನಗೂ ಕೇಳಿಸ್ತಾ ಇದೆ. ಆಯ್ತು, ಸೋಮಾರಿಗಳು ಅಂದಿದ್ದು ವಾಪಸ್. ಈ ಆರ್ಮ್‌ನಲ್ಲಿ ಬಾಲ್ ಜಾಯಿಂಟೂ ಆರ್ಮ್ ಜೊತೆಗೇ ಬರುತ್ತೆ, ಅದೂ ಸಡಿಲ ಇದ್ರೆ ಪೂರ್ತಿ ಆರ್ಮ್ ತಗೊಳ್ಳೋದೇ ಬುದ್ಧಿವಂತಿಕೆ. ಇಲ್ಲಿ ಜಾಯಿಂಟ್ ಗಟ್ಟಿ ಇದೆ, ಅದಕ್ಕೇ ಈ ಹಟ.

ಬಾಯಿ ನೇರ ಮಾಡಿದ ಪೈಪ್, ಎರಡನೇ ಬುಷ್. ಗೂಡನ್ನ 120 ನಂಬರ್ ಎಮರಿ ಕಾಗದದಲ್ಲಿ ಉಜ್ಜಿ ತುಕ್ಕು ತೆಗೆದಾಯ್ತು. ಕಾಲು ಸುತ್ತು ಬಿಗಿ, ನಾಲ್ಕೂ ಕಡೆ ನೋಡು, ಮತ್ತೆ ಕಾಲು ಸುತ್ತು. ಕೂತ್ಕೊಂಡ್ತು. ಗೆರೆಗೆ ಗೆರೆ ಸರಿ ಇದೆ.

ಆರ್ಮ್ ವಾಪಸ್ ಹಾಕಿ ಬೋಲ್ಟ್ ಎಲ್ಲಾ ಕೈಯಲ್ಲಿ ಮಾತ್ರ ತಿರುಗಿಸಿದೀನಿ. ಟೈಟ್ ಮಾಡಿಲ್ಲ, ಮಾಡಲೂಬಾರದು. ಬುಷ್ ಬೇರಿಂಗ್ ಥರ ಸುತ್ತೋ ವಸ್ತು ಅಲ್ಲ. ಬೋಲ್ಟ್ ಬಿಗಿ ಆದ ಕ್ಷಣ ಒಳಗಿನ ಕೊಳವೆ ಫ್ರೇಮ್‌ಗೆ ಕಚ್ಕೊಳ್ಳುತ್ತೆ, ಆಮೇಲೆ ಆರ್ಮ್ ಎಷ್ಟು ಏಳುತ್ತೋ ಇಳಿಯುತ್ತೋ ಅಷ್ಟೂ ರಬ್ಬರ್ ತಿರುಚ್ಕೊಳ್ಳುತ್ತೆ. ಚಕ್ರ ನೇತಾಡುವಾಗ ಬಿಗಿ ಮಾಡಿದ್ರೆ, ಗಾಡಿ ಸುಮ್ನೆ ಮನೆ ಮುಂದೆ ನಿಂತಿದ್ರೂ ರಬ್ಬರ್ ಬಟ್ಟೆ ಹಿಂಡಿದ ಹಾಗೆ ಇರುತ್ತೆ. ಬೇಗ ಹರಿಯುತ್ತೆ, ಬೈಗುಳ ಮಾತ್ರ ಕಂಪನಿಗೆ.

ಅದಕ್ಕೇ ಮೊದಲಿನ ಅಳತೆ. ಆರ್ಮಿನ ಬಾಲ್ ಜಾಯಿಂಟ್ ತುದಿ ಕೆಳಗೆ ಜಾಕಿ ಕೊಟ್ಟು, ಹಬ್ಬಿಂದ ಫೆಂಡರ್‌ವರೆಗೆ ಅದೇ ಅಳತೆ ಬರೋವರೆಗೂ ಎತ್ತಿ. ಆಮೇಲೆ ಟಾರ್ಕ್ ವ್ರೆಂಚ್. ಆರ್ಮ್ ಬೋಲ್ಟ್‌ಗಳಿಗೆ ಎಷ್ಟು ಅನ್ನೋದು ನಿಮ್ಮ ಮಾಡೆಲ್‌ನ ಸರ್ವಿಸ್ ಮ್ಯಾನ್ಯುವಲ್ ನೋಡಿ ಇಡಿ, ಅಂದಾಜು ಬೇಡ. ವೀಲ್ ನಟ್ 85 ನ್ಯೂಟನ್ ಮೀಟರ್, ಚಕ್ರ ನೆಲಕ್ಕೆ ತಾಗಿದ್ಮೇಲೆ.

ರಬ್ಬರ್ ಬದಲು ಅದಕ್ಕಿಂತ ಗಟ್ಟಿ ಇರೋ ಪಾಲಿಯುರೆಥೇನ್ ಬುಷ್ ಹಾಕಬಹುದಾ? ನಮ್ಮ ರಸ್ತೆಗೆ ಬೇಡ, ಪ್ರತಿ ಕಲ್ಲೂ ಸ್ಟೀರಿಂಗ್‌ಗೆ ಬಂದು ಮಾತಾಡಿಸುತ್ತೆ. ಬರೀ ಹೈವೇ ಓಡಿಸೋರು ಹಾಕ್ಕೊಳ್ಳಿ.

ಬೆಳಕು ಹೋಗ್ತಾ ಇದೆ, ಕ್ಯಾಮೆರಾ ಬ್ಯಾಟರಿನೂ ಅಷ್ಟೆ. ಎಡಗಡೆ ಆರ್ಮ್ ನಾಳೆ. ಅದೂ ಆಗೋವರೆಗೆ ವೀಲ್ ಅಲೈನ್‌ಮೆಂಟ್‌ಗೆ ದುಡ್ಡು ಸುರಿಯೋದು ದಂಡ.