ಕಾವಲು ಹಡಗಿಗೆ ಬಾಡಿಗೆ ಎಷ್ಟು? ಟ್ರಾವೆಲರ್ ಆಟದ ಒಂದು ಲೆಕ್ಕ

[ಮೇಜಿನ ಮೇಲೆ ದಾಳಗಳು, ಹಾಳೆ, ಪೆನ್ಸಿಲ್, ಒಂದು ಬಟ್ಟಲು ಒಣದ್ರಾಕ್ಷಿ]

ನಮಸ್ಕಾರ. ವಿಜಯಪುರದಲ್ಲಿ ನಮ್ಮ ಮನೆ ಮಾಳಿಗೆ ಮೇಲೆ ಪ್ರತಿ ಭಾನುವಾರ ಐದು ಜನ ಕೂತು ಟ್ರಾವೆಲರ್ ಆಡುತ್ತೇವೆ. 1977ರಲ್ಲಿ ಬಂದ, ಒಬ್ಬ ಕಥೆ ನಡೆಸಿ ಉಳಿದವರು ಪಾತ್ರಗಳಾಗಿ ಆಡುವ ದಾಳದ ಆಟ. ನಮ್ಮ ಆಟದಲ್ಲಿ ಸಾಲ ಮಾಡಿ ಅಂತರಿಕ್ಷ ಹಡಗು ಕೊಳ್ಳಬೇಕು, ಗ್ರಹದಿಂದ ಗ್ರಹಕ್ಕೆ ಸರಕು ಸಾಗಿಸಿ ಕಂತು ಕಟ್ಟಬೇಕು. ಆಟ ನಡೆಸುವವನು ನಾನು.

ಹೋದ ವಾರ ಒಬ್ಬ ಗೆಳೆಯ ಕೇಳಿದ: "ದಾರ್ಯಾಗ ದರೋಡೆಕೋರರು ಅದಾರ. ಕಾವಲಿಗೆ ಒಂದ್ ಹಡಗ ಗೊತ್ತ ಮಾಡ್ತೀವಿ. ಬಾಡಿಗಿ ಎಷ್ಟ?" ನಾನು ಸುಮ್ನೆ ಬಾಯಿಗೆ ಬಂದ ಅಂಕಿ ಹೇಳಿದೆ, 50,000 ಕ್ರೆಡಿಟ್ (ಆಟದೊಳಗಿನ ಹಣ). ರಾತ್ರಿ ಲೆಕ್ಕ ಹಾಕಿದಾಗ ಅದು ಯಾವ ಕಡೆಯಿಂದಲೂ ಗಿಟ್ಟದ ದರ ಅಂತ ಗೊತ್ತಾಯಿತು.

[ಪರದೆ ಮೇಲೆ: ಎರಡು ಹಡಗು, ಎರಡು ಕಂತು]

ಹಳೆಯ ರೂಲ್ ಬುಕ್ಕಿನ ದರಗಳನ್ನೇ ತೆಗೆದುಕೊಳ್ಳೋಣ. ಸಣ್ಣ ವ್ಯಾಪಾರಿಯ ಫ್ರೀ ಟ್ರೇಡರ್ 200 ಟನ್ ಹಡಗು. ಅದರಲ್ಲಿ ಸರಕಿಗೆ ಜಾಗ 82 ಟನ್. ಟನ್ನಿಗೆ ಬಾಡಿಗೆ 1,000, ಅಂದರೆ ಟ್ರಿಪ್ಪಿಗೆ 82,000. ಒಂದು ನಕ್ಷತ್ರದಿಂದ ಇನ್ನೊಂದಕ್ಕೆ ಹಾರುವುದಕ್ಕೆ ಜಂಪ್ ಅಂತಾರೆ. ಒಂದು ಜಂಪ್‌ಗೆ ಒಂದು ವಾರ ಬೇಕು, ಬಂದರಿನಲ್ಲಿ ಇನ್ನೊಂದು ವಾರ, ಹಾಗಾಗಿ ತಿಂಗಳಿಗೆ ಎರಡೇ ಟ್ರಿಪ್, 1,64,000. ಕಂತು 1,54,500! ಉಳಿದ 9,500ರಲ್ಲಿ ಸಿಬ್ಬಂದಿ ಸಂಬಳ, ಇಂಧನ ಎರಡೂ ಆಗುವುದಿಲ್ಲ. ಪ್ರಯಾಣಿಕರನ್ನು ಹತ್ತಿಸಿಕೊಂಡರೆ ಮಾತ್ರ ಹಡಗು ಹಾರುತ್ತದೆ. ಇಂಥವನ ಹತ್ತಿರ 50,000 ಕೇಳಿದರೆ ಅವನು ದರೋಡೆಕೋರರ ಜೊತೆಗೇ ಮಾತಾಡಿಕೊಳ್ಳುವುದು ಲೇಸು.

ಕಾವಲಿನವನಿಗಾದರೂ ಲಾಭ ಇದೆಯಾ? 400 ಟನ್ನಿನ ಪ್ಯಾಟ್ರೋಲ್ ಕ್ರೂಸರ್ (ಗಸ್ತು ಹಡಗು) ಬೆಲೆ 22 ಕೋಟಿ 10 ಲಕ್ಷ 40 ಸಾವಿರ. ತಿಂಗಳ ಕಂತು 9,21,000. ಜೊತೆಗೆ ಜಂಪ್ ಮಾಡಿ ಬಂದರೆ ಅವನಿಗೂ ತಿಂಗಳಿಗೆ ಎರಡೇ ಟ್ರಿಪ್. ಅಂದರೆ ಟ್ರಿಪ್ಪಿಗೆ ನಾಲ್ಕೂವರೆ ಲಕ್ಷಕ್ಕಿಂತ ಜಾಸ್ತಿ ಸಿಗಬೇಕು.

ಈಗ ನನ್ನ ಮಾತು ಕೇಳಿ. ಜಂಪ್‌ನಲ್ಲಿ ಇರುವ ಆ ಒಂದು ವಾರ ನಿಮ್ಮನ್ನು ಯಾರೂ ಮುಟ್ಟಲಾರರು. ಗ್ರಹದ ವ್ಯಾಸದ ನೂರರಷ್ಟು ದೂರ ಹೋಗಿ ಜಂಪ್ ಮಾಡುತ್ತೀರಿ. ಅಪಾಯ ಇರುವುದು ಅಷ್ಟು ದಾರಿಯಲ್ಲಿ ಮಾತ್ರ. ಭೂಮಿಯಷ್ಟು ದೊಡ್ಡ ಗ್ರಹವಾದರೆ ಸುಮಾರು 12.8 ಲಕ್ಷ ಕಿಲೋಮೀಟರ್. ಒಂದು ಜಿ (ಭೂಮಿಯ ಗುರುತ್ವದಷ್ಟು) ವೇಗವರ್ಧನೆಯ ಹಡಗಿಗೆ, ಅರ್ಧ ದಾರಿ ವೇಗ ಹೆಚ್ಚಿಸಿ ಉಳಿದರ್ಧ ತಗ್ಗಿಸಿದರೆ, ಆರು ತಾಸು ಇಪ್ಪತ್ತು ನಿಮಿಷ. ಇಳಿಯುವಾಗಲೂ ಅಷ್ಟೇ. ಇನ್ನೊಂದು ವಿಷಯ: ಮಾಂಗೂಸ್ ಕಂಪನಿ ತಂದ ಹೊಸ ಆವೃತ್ತಿಯಲ್ಲಿ ಜಂಪ್ ಸಮಯ 148 ತಾಸು, ಜೊತೆಗೆ ಆರು ದಾಳದ ಮೊತ್ತ. ಒಟ್ಟಿಗೆ ಹೊರಟವರು ಒಟ್ಟಿಗೆ ಮುಟ್ಟುವುದಿಲ್ಲ. ನಿಮ್ಮ ಕಾವಲಿನವನು ಹತ್ತು ತಾಸು ತಡವಾಗಿ ಬಂದರೆ ಏನು ಉಪಯೋಗ?

[ಒಣದ್ರಾಕ್ಷಿ ಬಟ್ಟಲು ಹತ್ತಿರದಿಂದ]

ತಿಕೋಟಾ ಕಡೆ ನಮ್ಮ ಕಾಕಾ ದ್ರಾಕ್ಷಿ ಒಣಗಿಸುತ್ತಾರೆ. ಶೆಡ್ಡಿನಲ್ಲಿ ಬಲೆ ಮೇಲೆ ಬಲೆ, ಹದಿನೈದು ದಿನ ಮಾಲು ಬಯಲಲ್ಲೇ ಇರುತ್ತದೆ. ಪ್ರತಿ ಶೆಡ್ಡಿಗೊಬ್ಬ ಕಾವಲುಗಾರನನ್ನು ಇಟ್ಟರೆ ಯಾರಿಗೂ ಗಿಟ್ಟುವುದಿಲ್ಲ. ಅಕ್ಕಪಕ್ಕದ ರೈತರು ಸೇರಿ ಒಬ್ಬನನ್ನು ಇಟ್ಟಿದ್ದಾರೆ. ಒಂದು ಬ್ಯಾಟರಿ, ಒಂದು ಕೋಲು, ರಾತ್ರಿಯಿಡೀ ಸುತ್ತು. ಮಾಲು ಜಾಸ್ತಿ ಇದ್ದವರು ಜಾಸ್ತಿ ಕೊಡುತ್ತಾರೆ. ಮಾಲು ಕೋಲ್ಡ್ ಸ್ಟೋರೇಜ್ ಸೇರಿದ ಮೇಲೆ ಅವನಿಗೆ ಸಂಬಳ ಇಲ್ಲ.

ಅದೇ ಲೆಕ್ಕ ಇಲ್ಲಿಗೆ ತನ್ನಿ. ಜಂಪ್ ಮಾಡದ, ಗ್ರಹದ ಹತ್ತಿರವೇ ಇರುವ 10 ಟನ್ನಿನ ಫೈಟರ್ ಸಾಕು. ಬೆಲೆ 1 ಕೋಟಿ 80 ಲಕ್ಷ. ಕಂತು 75,000, ಪೈಲಟ್ ಸಂಬಳ 6,000, ರಿಪೇರಿಗೆ 1,500. ಒಟ್ಟು 82,500. ದಿನಕ್ಕೆ ಒಂದು ಹಡಗಿನಂತೆ ತಿಂಗಳಿಗೆ ಮೂವತ್ತು ಹಡಗಿಗೆ ಕಾವಲು ಹೋದರೆ ಒಂದಕ್ಕೆ 2,750 ಅಸಲು. ಒಂದು ಫೈಟರ್‌ಗೆ ಯಾರೂ ಹೆದರುವುದಿಲ್ಲ, ಜೋಡಿ ಕಳಿಸಿ: 5,500. ಲಾಭ ಸೇರಿಸಿ ನಾನು 7,000 ಇಟ್ಟಿದ್ದೇನೆ. ಬರೀ ಬಾಡಿಗೆ ಸರಕು ಹೊತ್ತವನಿಗೆ ಇದೂ ಭಾರವೇ. ಸ್ವಂತ ದುಡ್ಡು ಹಾಕಿ ಬೆಲೆಬಾಳುವ ಮಾಲು ತುಂಬಿದವನು ಚೌಕಾಸಿ ಮಾಡದೆ ಕೊಡುತ್ತಾನೆ. ಕ್ಷಿಪಣಿ ಹಾರಿಸಿದರೆ ಒಂದಕ್ಕೆ 5,000, ಅದು ಗಿರಾಕಿಯ ಖರ್ಚು. ಇದನ್ನು ಮೊದಲೇ ಬರೆಸಿಕೊಳ್ಳಿ.

ಹಡಗುಗಳು ಕಡಿಮೆ ಬರುವ ಬಂದರಿನಲ್ಲಿ ಈ ದರ ನಿಲ್ಲುವುದಿಲ್ಲ. ತಿಂಗಳಿಗೆ ಆರೇ ಹಡಗು ಅಂದರೆ ಜೋಡಿಗೆ ಅಸಲೇ 27,500. ಅಲ್ಲಿ ಕಾವಲು ಸಿಗುವುದೇ ಇಲ್ಲ ಅಂತ ನಾನು ಇಟ್ಟುಕೊಂಡಿದ್ದೇನೆ. ದರೋಡೆಕೋರರು ಕಾಯುವುದೂ ಅಲ್ಲೇ, ಅಲ್ವಾ? ಈ ಭಾನುವಾರ ನಮ್ಮ ಗೆಳೆಯರು 7,000 ಕೊಟ್ಟು ಹೊರಟು ಅಂಥದ್ದೇ ಒಂದು ಬಂದರಿಗೆ ಇಳಿಯಲಿದ್ದಾರೆ.