ಮಾರ್ಗೇಟ್‌ನ ಚಿಪ್ಪಿನ ಗುಹೆ: ಕಟ್ಟಿದವರು ಯಾರು?

ಹೊರಗೆ ನಿಂತು ನೋಡಿದರೆ ಇದು ಮಾಮೂಲಿ ಬೀದಿ. ಇಂಗ್ಲೆಂಡಿನ ಕೆಂಟ್ ಕರಾವಳಿ, ಮಾರ್ಗೇಟ್ ಊರು, ಗ್ರಾಟೊ ಹಿಲ್. ನಾವು ಈಗ ಇಳಿಯುತ್ತಿರುವುದು ಈ ಬೀದಿಯ ಅಡಿಗೆ.

ಸೀಮೆಸುಣ್ಣದಂಥ ಬಿಳಿ ಬಂಡೆ ಕೊರೆದ ದಾರಿ. ಇಕ್ಕಟ್ಟು. ತಣ್ಣಗಿದೆ. ಸ್ವಲ್ಪ ದೂರ ಬರೀ ಗೋಡೆ. ಆಮೇಲೆ ನೋಡಿ...

ಅಬ್ಬಾ! ಗೋಡೆ, ಕಮಾನು, ಎಲ್ಲಾ ಕಡೆ ಚಿಪ್ಪು. ಹೂವು, ನಕ್ಷತ್ರ, ಸೂರ್ಯ, ಎಲ್ಲವನ್ನೂ ಚಿಪ್ಪಿನಲ್ಲೇ ಬಿಡಿಸಿದ್ದಾರೆ. ಒಟ್ಟು ಸುಮಾರು 46 ಲಕ್ಷ ಚಿಪ್ಪುಗಳಂತೆ. ಇಷ್ಟು ಕಪ್ಪಾಗಿ ಕಾಣುವುದಕ್ಕೆ ಕಾರಣ ಹಳೇ ಗ್ಯಾಸ್ ದೀಪಗಳ ಮಸಿ. 1932ರಲ್ಲಿ ಇಲ್ಲಿಗೆ ಕರೆಂಟ್ ದೀಪ ಬಂತು, ಆದರೆ ಮಸಿ ಹಾಗೇ ಉಳಿಯಿತು. ಮೊದಲು ಇದಕ್ಕೆ ಎಂಥ ಬಣ್ಣ ಇತ್ತೋ ಅಂತ ನೆನೆದರೇ ಹೊಟ್ಟೆ ಉರಿಯುತ್ತದೆ.

ಇದು ಜನರ ಕಣ್ಣಿಗೆ ಬಿದ್ದದ್ದು 1835ರಲ್ಲಿ. 1838ರಿಂದ ಎಲ್ಲರಿಗೂ ಪ್ರವೇಶ. ಅಂದಿನಿಂದ ಜಗಳವೂ ಶುರು. ಪುರಾತನ ಗುಡಿ ಅಂದರು, ಗುಪ್ತ ಪಂಗಡದ ಜಾಗ ಅಂದರು, 18ನೇ ಶತಮಾನದ ಸಾಹುಕಾರನ ಶೋಕಿ ಅಂದರು. ನನಗೆ ಸಾಹುಕಾರನ ಕಥೆಯೇ ಜಾಸ್ತಿ ಸರಿ ಅನಿಸುತ್ತದೆ. ಆ ಕಾಲದಲ್ಲಿ ಇಂಗ್ಲೆಂಡಿನ ದೊಡ್ಡ ಮನೆಗಳಲ್ಲಿ ಚಿಪ್ಪಿನ ಕೋಣೆ ಮಾಡಿಸುವ ಖಯಾಲಿ ಇತ್ತು. ಆದರೂ ಒಂದು ಮಾತು ಕೊರೆಯುತ್ತದೆ. ಶೋಕಿಗೆ ಮಾಡಿಸಿದವನು ನಾಲ್ಕು ಜನರಿಗೆ ತೋರಿಸದೆ ಸುಮ್ಮನಿರುತ್ತಾನಾ?

ಇನ್ನೊಂದು ವಿಷಯ. ಚಿತ್ರಗಳ ನಡುವೆ ತುಂಬಿರುವ ಈ ಪುಟ್ಟ ಚಿಪ್ಪುಗಳನ್ನು ನೋಡಿ. ಚಪ್ಪಟೆ ಬಸವನಹುಳದಂಥ ಜೀವಿಯದ್ದು. ಇಲ್ಲಿ ಅತಿ ಹೆಚ್ಚು ಬಳಸಿರುವುದು ಇದನ್ನೇ, ಆದರೆ ಈ ಸುತ್ತಮುತ್ತ ಇದು ಸಿಗುವುದು ಅಪರೂಪ. ಹೇರಳವಾಗಿ ಸಿಗುವುದು ಸೌತಾಂಪ್ಟನ್‌ನಿಂದ ಆಚೆ, ಪಶ್ಚಿಮದ ತೀರದಲ್ಲಿ. ಅಷ್ಟು ದೂರದಿಂದ ಹೊತ್ತು ತಂದಿದ್ದರೆ ಎಷ್ಟು ಮೂಟೆ, ಎಷ್ಟು ಗಾಡಿ! ಆರಿಸಿದವರು, ಗಾರೆ ಕಲಸಿದವರು, ಒಂದೊಂದನ್ನೇ ಒತ್ತಿ ಅಂಟಿಸಿದವರು. ಅವರಲ್ಲಿ ಒಬ್ಬರ ಹೆಸರೂ ನಮಗೆ ಉಳಿದಿಲ್ಲ. ಇದನ್ನು ಯಾವ ದೇವರಿಗೆ ಕಟ್ಟಿದರು ಅನ್ನುವುದಕ್ಕಿಂತ ಇದೇ ನನ್ನನ್ನು ಜಾಸ್ತಿ ಕಾಡುತ್ತಿದೆ.

ಇದು ಗುಮ್ಮಟ. ಮೇಲಿಂದ ಹಗಲಿನ ಬೆಳಕು ಬೀಳುತ್ತಿದೆ, ಕಾಣ್ತಿದೆ ಅಲ್ವಾ? ಒಳಗಿನದು ಕೊನೆಯ ಕೋಣೆ. ಅದರ ಗೋಡೆಯ ಒಂದು ಭಾಗ ಎರಡನೇ ಮಹಾಯುದ್ಧದ ಬಾಂಬಿಗೆ ಹಾಳಾಯಿತು.

ಹೊರಡುವ ಮುಂಚೆ ಗೋಡೆ ಮುಟ್ಟದೆ, ನನ್ನ ಅಂಗೈಯಷ್ಟು ಜಾಗದ ಚಿಪ್ಪುಗಳನ್ನು ಎಣಿಸಲು ನಿಂತೆ. 50 ದಾಟುವಷ್ಟರಲ್ಲಿ ಲೆಕ್ಕ ತಪ್ಪಿತು. ಮತ್ತೆ ಮೊದಲಿಂದ ಶುರು ಮಾಡಿದೆ.